ಟ್ರಂಕಿನ ಕಾಗದಪತ್ರ ಫೋನಿಗೆ ಬರಲಿ: ಒಂದು ಭಾನುವಾರದ ಕೆಲಸ

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಝೆರಾಕ್ಸ್ ಅಂಗಡಿ. ಝೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ ತುಂಬಿಕೊಡುವುದು, ಇಷ್ಟೇ ಕೆಲಸ. ಬೆಳಿಗ್ಗೆ ಹತ್ತರ ಹೊತ್ತಿಗೆ ಜಗಳೂರು, ಆನಗೋಡು, ಮಾಯಕೊಂಡ ಕಡೆಯ ಬಸ್ಸು ಇಳಿದು ಬರುವವರ ಕಂಕುಳಲ್ಲಿ ಬಟ್ಟೆ ಅಂಗಡಿಯದೊಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಮನೆಯ ಅಷ್ಟೂ ಕಾಗದ ಅದರೊಳಗೇ. ಪಹಣಿ, ರೇಷನ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು, ತೀರಿಹೋದವರ ಮರಣ ಪ್ರಮಾಣಪತ್ರ.

ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜ ಬಂದಿದ್ದರು. ಕವರ್ ಬಿಚ್ಚಿ ಒಂದು ಕ್ರಯಪತ್ರ ತೆಗೆದು ಕೌಂಟರ್ ಮೇಲಿಟ್ಟರು. ಎಂಟು ಮಡಿಕೆ ಮಾಡಿದ್ದ ಛಾಪಾ ಕಾಗದ. ಬಿಡಿಸುತ್ತಿದ್ದ ಹಾಗೆ ಮಡಿಕೆ ಮಡಿಕೆಗೂ ಬಿಟ್ಟುಕೊಂಡಿತು. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು, ಸರಿಯಾಗಿ ಸರ್ವೆ ನಂಬರ್ ಇರಬೇಕಾದ ಜಾಗ.

"ನಮ್ಮಪ್ಪನ ಕಾಲದ್ದು ತಾಯಿ, ಇದೊಂದೇ ಐತೆ. ಚೆನ್ನಾಗಿ ಬರೋ ಹಂಗೆ ಝೆರಾಕ್ಸ್ ಮಾಡಿಕೊಡು" ಅಂದರು.

"ಅಜ್ಜಾ, ಇದರ ಫೋಟೋನಾದ್ರೂ ಯಾರಾದ್ರೂ ತೆಗೆದಿಟ್ಟಿದ್ದಾರೇನು?" ಅಂತ ಕೇಳಿದೆ. ಪಕ್ಕದಲ್ಲಿ ನಿಂತಿದ್ದ ಮೊಮ್ಮಗ ತಲೆ ಅಲ್ಲಾಡಿಸಿದ. ಅವನ ಕೈಯಲ್ಲಿ ಒಳ್ಳೆಯ ಕ್ಯಾಮೆರಾ ಇರುವ ಫೋನಿತ್ತು. ಅದರಲ್ಲಿ ಜಾತ್ರೆಯ ಫೋಟೋ ಇತ್ತು, ಮೆಕ್ಕೆಜೋಳದ ಹೊಲದಲ್ಲಿ ತೆಗೆಸಿಕೊಂಡ ಫೋಟೋ ಇತ್ತು. ಆ ಹೊಲದ ಪತ್ರದ ಫೋಟೋ ಮಾತ್ರ ಇರಲಿಲ್ಲ.

ಅವತ್ತಿನಿಂದ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸ ಫೋನ್ ಬೇಡ, ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಆ್ಯಪ್ ಬೇಡ. ಐದಾರು ವರ್ಷ ಹಳೆಯ ಆಂಡ್ರಾಯ್ಡ್ ಫೋನೂ ನಡೆಯುತ್ತದೆ. ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ.

ಮೊದಲು ಕೇಳಬೇಕಾದ್ದು: ಆ ಜಿಮೇಲ್ ಯಾರದ್ದು?

ಸ್ಕ್ಯಾನ್ ಮಾಡುವುದಕ್ಕೆ ಮುಂಚೆ ಇದೊಂದು ಕೆಲಸ ಆಗಲೇಬೇಕು. ಇದನ್ನು ಬಿಟ್ಟು ಮುಂದೆ ಹೋದರೆ ಇಡೀ ಭಾನುವಾರದ ಕೆಲಸ ನೀರಲ್ಲಿ ಹೋಮ.

ಫೋನ್ ಕೊಳ್ಳುವಾಗ ಹೆಚ್ಚಿನವರಿಗೆ ಮೊಬೈಲ್ ಅಂಗಡಿಯ ಹುಡುಗನೇ ಜಿಮೇಲ್ ಮಾಡಿಕೊಟ್ಟಿರುತ್ತಾನೆ. ಹೆಸರು ಅವನೇ ಹಾಕಿದ್ದು, ಪಾಸ್‌ವರ್ಡ್ ಅವನಿಗೆ ತೋಚಿದ್ದು. ಫೋನ್ ನಡೆಯುವಷ್ಟು ದಿನ ಯಾರಿಗೂ ಅದು ಬೇಕಾಗುವುದಿಲ್ಲ. ನಮ್ಮ ತಂದೆಯ ಫೋನಿನದೂ ಇದೇ ಕಥೆ. ಬಾತಿ ಹತ್ತಿರ ಬೈಕಿನಿಂದ ಜಾರಿಬಿದ್ದು ಫೋನ್ ಒಡೆದಾಗ, ನಾಲ್ಕು ವರ್ಷದ ಫೋಟೋಗಳು ಗೂಗಲ್ ಖಾತೆಯಲ್ಲಿ ಸುರಕ್ಷಿತವಾಗಿದ್ದವು. ಖಾತೆ ತೆರೆಯುವ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಪಾಸ್‌ವರ್ಡ್ ಮರೆತಾಗ ಖಾತೆ ಮರಳಿ ಪಡೆಯಲು ರಿಕವರಿ ನಂಬರ್ ಅಂತ ಕೊಟ್ಟಿದ್ದು ಎಂದೋ ರೀಚಾರ್ಜ್ ನಿಲ್ಲಿಸಿದ್ದ ಹಳೇ ಸಿಮ್ಮಿನದು. ಅಮ್ಮನ ಕೊನೆಯ ಯುಗಾದಿಯ ಫೋಟೋ ಅದರಲ್ಲಿತ್ತು. ಸಿಗಲಿಲ್ಲ.

ಹಾಗಾಗಿ ಹೀಗೆ ಮಾಡಿ. ಫೋನಿನ ಸೆಟ್ಟಿಂಗ್ಸ್ ತೆರೆದು ಕೆಳಗೆ ಸರಿಸುತ್ತಾ ಹೋದರೆ ‘ಗೂಗಲ್’ ಅಂತ ಒಂದು ಸಾಲು ಸಿಗುತ್ತದೆ. ಒತ್ತಿದರೆ ನಿಮ್ಮ ಹೆಸರು, ಕೆಳಗೆ ಜಿಮೇಲ್ ವಿಳಾಸ. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅಲ್ಲಿಂದ ‘ಗೂಗಲ್ ಖಾತೆ ನಿರ್ವಹಿಸಿ’ ಒಳಗೆ ಹೋಗಿ ‘ಭದ್ರತೆ’ ವಿಭಾಗ ನೋಡಿ. ಅಲ್ಲಿ ರಿಕವರಿ ಫೋನ್ ನಂಬರ್ ಯಾವುದಿದೆ? ಈಗ ನಿಮ್ಮ ಕೈಯಲ್ಲಿರುವ ಸಿಮ್ಮಿನದೇ ತಾನೇ? ಬಳಕೆ ನಿಲ್ಲಿಸಿ ರದ್ದಾದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಯವರು ಇನ್ನೊಬ್ಬರಿಗೆ ಕೊಡಬಹುದು. ಆಮೇಲೆ ನಿಮ್ಮ ಖಾತೆಯ ಒಟಿಪಿ ಹೋಗುವುದು ಗುರುತಿಲ್ಲದವರ ಕೈಗೆ. ಹಳೇ ನಂಬರ್ ಇದ್ದರೆ ಅಲ್ಲೇ ಬದಲಿಸಿ. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ, ಫೋನ್ ಇನ್ನೂ ಚಾಲೂ ಇರುವಾಗಲೇ ಹೊಸದು ಹಾಕಿಕೊಳ್ಳಿ. ಫೋನ್ ಕೈಯಲ್ಲಿದ್ದಾಗ ಇದು ಐದು ನಿಮಿಷದ ಕೆಲಸ. ಫೋನ್ ಹೋದ ಮೇಲೆ ತಿಂಗಳಾದರೂ ಆಗದಿರಬಹುದು.

ಪಾಸ್‌ವರ್ಡನ್ನು ಎಲ್ಲಿಯೂ ಬರೆಯಬಾರದು ಅಂತ ಹೇಳುವವರಿದ್ದಾರೆ. ನಾನು ಬರೆದಿಡಿ ಅಂತಲೇ ಹೇಳುತ್ತೇನೆ. ಫೋನಿನ ಹಿಂದಿನ ಕವರಿನಲ್ಲಿ ಬೇಡ, ಪರ್ಸಿನಲ್ಲಿ ಬೇಡ. ಮನೆಯಲ್ಲಿ, ಒಡವೆ ಇಡುವ ಜಾಗದಲ್ಲಿ. ಅರವತ್ತು ದಾಟಿದವರು ನೆನಪಿನ ಮೇಲೆ ಬಿಟ್ಟು ಖಾತೆಯನ್ನೇ ಕಳೆದುಕೊಂಡಿದ್ದನ್ನು ನಾನು ಬಹಳ ನೋಡಿದ್ದೇನೆ. ನೋಟ್‌ಬುಕ್ ಕಳುವಾಗಿದ್ದನ್ನು ನೋಡಿಲ್ಲ.

ಈ ಖಾತೆಯ ಜೊತೆ 15 ಜಿಬಿ ಜಾಗ ಬಿಟ್ಟಿ ಸಿಗುತ್ತದೆ. ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಸೇರಿ ಇಷ್ಟು. ವಾಟ್ಸಾಪ್ ಬ್ಯಾಕಪ್ಪೂ ಈಗ ಇದರಲ್ಲೇ ಜಾಗ ಹಿಡಿಯುತ್ತದೆ. ಕಾಗದಪತ್ರಕ್ಕೆ ಇದು ಧಾರಾಳ. ಸ್ಕ್ಯಾನ್ ಮಾಡಿದ ಒಂದು ಪತ್ರ ಸಾಮಾನ್ಯವಾಗಿ ಒಂದೆರಡು ಎಂಬಿ, ಒಂದು ಕುಟುಂಬದ ಅಷ್ಟೂ ದಾಖಲೆ ಸೇರಿಸಿದರೂ ಅರ್ಧ ಜಿಬಿ ಆಗುವುದು ಕಷ್ಟ. ಜಾಗ ತುಂಬಿದೆ ಅಂತ ತೋರಿಸಿದರೆ ತಪ್ಪು ಕಾಗದದ್ದಲ್ಲ, ದಿನಾ ಬೆಳಿಗ್ಗೆ ಗ್ರೂಪುಗಳಲ್ಲಿ ಬರುವ ಶುಭೋದಯದ ವಿಡಿಯೋಗಳದ್ದು. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಮತ್ತು ಡೇಟಾ’ ಒಳಗೆ ‘ಮ್ಯಾನೇಜ್ ಸ್ಟೋರೇಜ್’ ತೆರೆದರೆ ಯಾವ ಗ್ರೂಪು ಎಷ್ಟು ಜಾಗ ತಿಂದಿದೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೋರಿಸುತ್ತದೆ. ಅಲ್ಲಿಂದಲೇ ಅಳಿಸಿ. ಹಾಗೇ ವಿಡಿಯೋ ತಾನಾಗಿಯೇ ಇಳಿಯುವುದನ್ನೂ ನಿಲ್ಲಿಸಿ.

ಇನ್ನೊಂದು ಮಾತು. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಕಾಗದಕ್ಕೆಂದೇ ಬೇರೆ ಜಿಮೇಲ್ ಮಾಡಿ ಮರೆತುಬಿಡುವುದಕ್ಕಿಂತ ದಿನಾ ಬಳಸುವ ಖಾತೆಯಲ್ಲೇ ಇಡುವುದು ವಾಸಿ.

ಕಾಗದ ಹರಡಿಕೊಂಡು ಕೂರುವುದು

ಎಲ್ಲವನ್ನೂ ಒಂದೇ ದಿನ ಮುಗಿಸುತ್ತೇನೆ ಅಂತ ಹೊರಡಬೇಡಿ. ಕಳೆದರೆ ಮತ್ತೆ ಸಿಗುವುದು ಕಷ್ಟವಾದದ್ದು ಮೊದಲು: ಕ್ರಯಪತ್ರ, ವಿಭಾಗ ಪತ್ರ, ಹಳೇ ಕೈಬರಹದ ಪಹಣಿ, ಮ್ಯುಟೇಷನ್, ಜನನ ಮರಣ ಪ್ರಮಾಣಪತ್ರ, ಹಳೇ ಮಾರ್ಕ್ಸ್ ಕಾರ್ಡು, ಎಲ್‌ಐಸಿ ಬಾಂಡ್. ಆಮೇಲೆ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಗಾಡಿಯ ಆರ್‌ಸಿ. ಕರೆಂಟ್ ಬಿಲ್ಲು ಕೊನೆಗೆ.

ಸ್ಕ್ಯಾನ್ ಮಾಡಲು ಸುಮ್ಮನೆ ಕ್ಯಾಮೆರಾ ತೆರೆದು ಕ್ಲಿಕ್ ಮಾಡಬೇಡಿ. ಹಾಗೆ ತೆಗೆದ ಫೋಟೋದಲ್ಲಿ ಕಾಗದ ಓರೆಯಾಗಿರುತ್ತದೆ, ಬೆರಳು ಬಂದಿರುತ್ತದೆ, ನೆಲದ ಟೈಲ್ಸೂ ಬಂದಿರುತ್ತದೆ. ಗೂಗಲ್ ಡ್ರೈವ್ ಆ್ಯಪ್ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಇರುತ್ತದೆ. ಅದನ್ನು ತೆರೆದರೆ ಕೆಳಗೆ ಬಲಗಡೆ ಕೂಡುವ ಗುರುತು ಇದೆ, ಅದರ ಜೊತೆಗೇ ಕ್ಯಾಮೆರಾ ಅಥವಾ ‘ಸ್ಕ್ಯಾನ್’ ಅಂತ ಸಿಗುತ್ತದೆ. ಅದು ಕಾಗದದ ನಾಲ್ಕು ಮೂಲೆಯನ್ನು ತಾನೇ ಹಿಡಿದು, ಓರೆ ಇದ್ದರೆ ನೇರ ಮಾಡಿ, ಪಿಡಿಎಫ್ ಆಗಿ ಉಳಿಸುತ್ತದೆ. ಐಫೋನ್ ಇದ್ದವರಿಗೆ ನೋಟ್ಸ್ ಆ್ಯಪ್‌ನಲ್ಲೂ ಇದೇ ಸೌಲಭ್ಯವಿದೆ.

ಈಗ ಕೈಚಳಕದ ಭಾಗ. ಇಷ್ಟು ವರ್ಷ ಮಷೀನಿನ ಗಾಜಿನ ಮೇಲೆ ಕಾಗದ ಇಟ್ಟೂ ಇಟ್ಟೂ ಕಲಿತದ್ದು ಇದು.

ಬೆಳಕು ಕಿಟಕಿಯಿಂದ ಬರಲಿ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ, ಬಿಸಿಲು ನೇರ ಬೀಳದ ಪಡಸಾಲೆ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಟ್ಯೂಬ್‌ಲೈಟ್ ಕೆಳಗೆ ಕೂತರೆ ನಿಮ್ಮ ತಲೆಯ ನೆರಳೇ ಪತ್ರದ ಮೇಲೆ ಬೀಳುತ್ತದೆ. ಫ್ಲಾಶ್ ಬೇಡವೇ ಬೇಡ. ಅದು ನಡುವೆ ಒಂದು ಬಿಳಿ ಮಚ್ಚೆ ಮಾಡಿ, ಆ ಜಾಗದ ಅಕ್ಷರವನ್ನೇ ನುಂಗುತ್ತದೆ.

ಕಾಗದದ ಕೆಳಗೆ ಕಪ್ಪು ಅಥವಾ ಕಡುನೀಲಿ ಬಟ್ಟೆ ಹಾಸಿ, ಹಳೇ ಕಂಬಳಿಯಾದರೂ ಸರಿ. ಬಿಳಿ ಕಾಗದವನ್ನು ಬಿಳಿ ಟೈಲ್ಸ್ ಮೇಲಿಟ್ಟರೆ ಅಂಚು ಎಲ್ಲಿ ಅಂತ ಫೋನಿಗೆ ಗೊತ್ತಾಗುವುದಿಲ್ಲ.

ಮಡಿಕೆ ಬಿದ್ದ ಪತ್ರವನ್ನು ಹಿಂದಿನ ರಾತ್ರಿಯೇ ಬಿಡಿಸಿ, ಎರಡು ದಿನಪತ್ರಿಕೆಯ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ. ಇಸ್ತ್ರಿ ಹಾಕಬೇಡಿ. ಹಳೇ ಕಾಗದ ಬಿಸಿಗೆ ಇನ್ನಷ್ಟು ಗರಿಗರಿಯಾಗಿ ಮುರಿಯುತ್ತದೆ, ಸೀಲಿನ ಶಾಯಿಯೂ ಹರಡಬಹುದು. ಹರಿದ ಕಡೆ ಸೆಲ್ಲೋಟೇಪನ್ನೂ ಹಚ್ಚಬೇಡಿ. ಕೆಲವೇ ವರ್ಷಕ್ಕೆ ಅದು ಹಳದಿಯಾಗಿ, ಅಡಿಯ ಅಕ್ಷರವನ್ನೂ ಕೆಡಿಸುತ್ತದೆ. ತುಂಡಾಗಿದ್ದರೆ ತುಂಡುಗಳನ್ನು ಬಟ್ಟೆಯ ಮೇಲೆ ಜೋಡಿಸಿಟ್ಟು ಹಾಗೆಯೇ ಸ್ಕ್ಯಾನ್ ಮಾಡಿ.

ಲ್ಯಾಮಿನೇಷನ್ ಮಾಡಿಸಿದ ಮಾರ್ಕ್ಸ್ ಕಾರ್ಡು ಹೊಳೆಯುತ್ತದೆ. ಅದಕ್ಕೆ ಕಿಟಕಿಯ ಕಡೆ ಬೆನ್ನು ಮಾಡಿ ಕೂರಬೇಡಿ, ಕಿಟಕಿ ನಿಮ್ಮ ಪಕ್ಕಕ್ಕಿರಲಿ. ಕಾರ್ಡನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋದರೆ ಹೊಳಪು ಅಂಚಿಗೆ ಸರಿದು ಮಾಯವಾಗುವ ಒಂದು ಕೋನ ಸಿಕ್ಕೇ ಸಿಗುತ್ತದೆ.

ಸ್ಕ್ಯಾನ್ ಆದ ಮೇಲೆ ಕಪ್ಪು-ಬಿಳುಪು ಮಾಡುವ ಆಯ್ಕೆಯೂ ಇರುತ್ತದೆ. ಬಣ್ಣದಲ್ಲೇ ಉಳಿಸಿ. ಹಸಿರು ಶಾಯಿಯ ಸಹಿ, ನೇರಳೆ ಸೀಲು, ಹೆಬ್ಬೆಟ್ಟಿನ ಗುರುತು ಇವೆಲ್ಲ ಕಪ್ಪು-ಬಿಳುಪಿನಲ್ಲಿ ಕಲೆಯ ಹಾಗೆ ಕಾಣುತ್ತವೆ. ಪತ್ರದ ಹಿಂಬದಿಯನ್ನೂ ಮರೆಯಬೇಡಿ. ನೋಂದಣಿ ಕಚೇರಿಯ ಷರಾ, ದಸ್ತಾವೇಜಿನ ಸಂಖ್ಯೆ ಹೆಚ್ಚಾಗಿ ಅಲ್ಲೇ ಇರುತ್ತದೆ. ಒಂದು ಪತ್ರದ ಅಷ್ಟೂ ಪುಟ ಒಂದೇ ಪಿಡಿಎಫ್‌ನಲ್ಲಿ ಬರಲಿ. ಒಂದು ಪುಟ ಆದ ತಕ್ಷಣ ‘ಸೇವ್’ ಒತ್ತದೆ, ಮುಂದಿನ ಪುಟ ಸೇರಿಸುತ್ತಾ ಹೋಗಿ ಕೊನೆಗೆ ಒಮ್ಮೆ ಉಳಿಸಿ.

ಉಳಿಸಿದ್ದನ್ನು ಅಲ್ಲೇ ತೆರೆದು, ಎರಡು ಬೆರಳಲ್ಲಿ ಹಿಗ್ಗಿಸಿ, ಸರ್ವೆ ನಂಬರ್, ಚೆಕ್ಕುಬಂದಿ, ದಿನಾಂಕ ಇವನ್ನು ಓದಿ ನೋಡಿ. ಓದಲು ಬಾರದಿದ್ದರೆ ಈಗಲೇ ಮತ್ತೊಮ್ಮೆ ತೆಗೆಯಿರಿ. ಕಾಗದ ಟ್ರಂಕಿಗೆ ಹೋದ ಮೇಲೆ ಯಾರೂ ಮತ್ತೆ ತೆಗೆಯುವುದಿಲ್ಲ.

ಸ್ಕ್ಯಾನ್ ಮಾಡಿದ ಕ್ರಯಪತ್ರ ಮೂಲ ಪತ್ರಕ್ಕೆ ಸಮ ಅಲ್ಲ, ಇದು ಗೊತ್ತಿರಲಿ. ಬ್ಯಾಂಕಿನವರು ಸಾಲಕ್ಕೆ ಮೂಲವನ್ನೇ ಕೇಳುತ್ತಾರೆ. ಆದರೆ ಮೂಲ ಹಾಳಾದಾಗ ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ಪಡೆಯಲು ದಾರಿ ಇದೆ, ನೋಂದಣಿ ಇಲಾಖೆಯ ತಾಣವಾದ ಕಾವೇರಿ ಆನ್‌ಲೈನ್ ಮೂಲಕವೂ ಅರ್ಜಿ ಹಾಕಬಹುದು. ಅಲ್ಲಿ ಕೇಳುವುದು ಯಾವ ಕಚೇರಿ, ಯಾವ ವರ್ಷ, ನೋಂದಣಿ ಸಂಖ್ಯೆ ಎಷ್ಟು ಅಂತ. ಆ ಮೂರು ನಿಮ್ಮ ಸ್ಕ್ಯಾನಿನಲ್ಲಿ ಓದಲು ಸಿಕ್ಕರೆ ಅರ್ಧ ಅಲೆದಾಟ ಉಳಿಯಿತು. ಆ ಅಜ್ಜನ ಪತ್ರದಲ್ಲಿ ಮುಂಬದಿಯ ಮೂಲೆ ಗೆದ್ದಲಿಗೆ ಹೋಗಿದ್ದರೂ ಹಿಂಬದಿಯ ಷರಾ ಉಳಿದಿತ್ತು. ಅದನ್ನು ಹಿಡಿದುಕೊಂಡೇ ಅವರು ನಕಲಿಗೆ ಅರ್ಜಿ ಹಾಕಿದರು.

ಹೆಸರಿಡುವುದು

ಡ್ರೈವ್ ತಾನೇ ಕೊಡುವ ಹೆಸರಿನಲ್ಲಿ ಹೆಚ್ಚಾಗಿ ತಾರೀಖು, ಗಂಟೆ, ನಿಮಿಷ ಬಿಟ್ಟರೆ ಏನೂ ಇರುವುದಿಲ್ಲ. ಅಂಥವು ನಲವತ್ತು ಆದರೆ ಟ್ರಂಕಿಗೂ ಫೋನಿಗೂ ವ್ಯತ್ಯಾಸವಿಲ್ಲ. ಉಳಿಸುವಾಗಲೇ ಹೆಸರು ಬದಲಿಸಿ, ಕನ್ನಡದಲ್ಲೇ. ‘ಅಪ್ಪ ಪಹಣಿ ಸರ್ವೆ 42’, ‘ಸುಮಾ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್’, ‘ಅಜ್ಜಿ ಮರಣ ಪ್ರಮಾಣಪತ್ರ 2019’. ಮೊದಲು ವ್ಯಕ್ತಿ, ಆಮೇಲೆ ಕಾಗದ, ಆಮೇಲೆ ಸಂಖ್ಯೆಯೋ ವರ್ಷವೋ. ಮನೆಯಲ್ಲಿ ಮಾತಾಡುವಾಗ ಹೇಗೆ ಕರೆಯುತ್ತೀರೋ ಹಾಗೇ ಇಡಿ, ಹುಡುಕುವಾಗ ಆ ಪದವೇ ಬಾಯಿಗೆ ಬರುವುದು.

ಟೈಪ್ ಮಾಡುವುದು ಕಷ್ಟ ಅನ್ನುವವರು ಟೈಪ್ ಮಾಡಲೇಬೇಕಿಲ್ಲ. ಗೂಗಲ್ ಕಂಪನಿಯ ಜಿಬೋರ್ಡ್ ಕೀಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ ‘ಭಾಷೆಗಳು’ ಒಳಗೆ ಕನ್ನಡ ಸೇರಿಸಿಕೊಂಡರೆ, ಮೇಲ್ಭಾಗದ ಮೈಕ್ ಗುರುತು ಒತ್ತಿ ಬಾಯಲ್ಲಿ ಹೇಳಿದರೆ ಸಾಕು. ನಮ್ಮ ಕಡೆಯ ಮಾತು ಅದಕ್ಕೆ ಪೂರ್ತಿ ಒಗ್ಗುವುದಿಲ್ಲ. ‘ಐತೆ’ ಅಂದರೆ ಒಮ್ಮೊಮ್ಮೆ ಬೇರೇನೋ ಬರೆಯುತ್ತದೆ. ಸ್ವಲ್ಪ ಬಿಡಿಸಿ ಬಿಡಿಸಿ ಹೇಳಿ. ಅಕ್ಷರ ಓದಲು ಬಂದರೂ ಬರೆಯುವ ಅಭ್ಯಾಸ ತಪ್ಪಿಹೋದ ನಮ್ಮ ಅತ್ತೆ, ಈ ಮೈಕ್ ಕಲಿತ ಮೇಲೆ ಫೈಲಿನ ಹೆಸರಷ್ಟೇ ಅಲ್ಲ, ಸೊಸೆಯರಿಗೆ ಸಂತೆಯ ಚೀಟಿಯನ್ನೂ ವಾಟ್ಸಾಪ್‌ನಲ್ಲೇ ಕಳಿಸುತ್ತಾರೆ.

ಎರಡು ಸಂಖ್ಯೆಗಳನ್ನು ಫೈಲಿನ ಹೆಸರಿನಲ್ಲೇ ಸೇರಿಸಿ ಅಂತ ನಾನು ಒತ್ತಿ ಹೇಳುತ್ತೇನೆ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ಸಂಖ್ಯೆ ಒಂದು. ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಕೇಳುವುದು ಅದನ್ನೇ. ಇನ್ನೊಂದು ರೈತರ ಎಫ್‌ಐಡಿ, ಅಂದರೆ ಫ್ರೂಟ್ಸ್ ತಂತ್ರಾಂಶದ ನೋಂದಣಿ ಸಂಖ್ಯೆ. ಬೆಳೆ ವಿಮೆ, ಬೆಳೆ ಪರಿಹಾರ, ಬೆಂಬಲ ಬೆಲೆಯ ಖರೀದಿ ಎಲ್ಲದಕ್ಕೂ ಅದು ಬೇಕು. ಈ ಒಂದು ಸಂಖ್ಯೆ ಮನೆಯಲ್ಲಿ ಬಿಟ್ಟು ಬಂದು ಮತ್ತೆ ಬಸ್ಸು ಹತ್ತಿದವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ.

ನಡುವೆ ಒಂದು ವಿಷಯ. ಹಳೇ ಕಂಪ್ಯೂಟರಿನಲ್ಲಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ ಅರ್ಜಿ, ಕರಾರುಪತ್ರದ ಫೈಲು ಫೋನಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಂಡರೆ ಗಾಬರಿ ಬೇಡ. ಫೈಲು ಕೆಟ್ಟಿಲ್ಲ. ಅದು ಈಗ ಎಲ್ಲ ಫೋನೂ ಓದುವ ಯುನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿದೆ, ಆ ಫಾಂಟು ಫೋನಿನಲ್ಲಿ ಇಲ್ಲ, ಅಷ್ಟೇ. ಟೈಪ್ ಮಾಡಿಕೊಟ್ಟವರ ಹತ್ತಿರವೇ ಯುನಿಕೋಡ್‌ಗೆ ಬದಲಿಸಿಕೊಡಿ ಅನ್ನಿ, ಇಲ್ಲವೇ ಪಿಡಿಎಫ್ ಮಾಡಿಸಿಕೊಳ್ಳಿ.

ಡಿಜಿಲಾಕರ್: ಯಾವುದು ಅಸಲಿಗೆ ಸಮ

2015ರಲ್ಲಿ ಶುರುವಾದ, ದಾಖಲೆ ಇಟ್ಟುಕೊಳ್ಳುವ ಸರ್ಕಾರದ ಆ್ಯಪ್ ಡಿಜಿಲಾಕರ್ ಹೆಚ್ಚಿನವರ ಫೋನಿನಲ್ಲಿ ಇದೆ. ಆದರೆ ಅದರೊಳಗೆ ಎರಡು ಕಪಾಟು ಇರುವುದು ಬಹಳ ಜನಕ್ಕೆ ಗೊತ್ತಿಲ್ಲ. ಒಂದು, ಇಲಾಖೆಯಿಂದ ನೇರ ಬರುವ ದಾಖಲೆಗಳದ್ದು, ‘ಇಶ್ಯೂಡ್’ ಅಂತ ಇರುತ್ತದೆ. ಇನ್ನೊಂದು, ನೀವೇ ಫೋಟೋ ತೆಗೆದು ಏರಿಸಿದ್ದು. ಕಾನೂನಿನ ಪ್ರಕಾರ ಮೂಲಕ್ಕೆ ಸಮ ಅನಿಸಿಕೊಳ್ಳುವುದು ಮೊದಲನೆಯದು ಮಾತ್ರ. ಲೈಸೆನ್ಸಿನ ಫೋಟೋ ತೆಗೆದು ಡಿಜಿಲಾಕರ್‌ಗೆ ಏರಿಸಿ, ಪೊಲೀಸರು ಒಪ್ಪಲಿಲ್ಲ ಅಂತ ಬೇಸರ ಮಾಡಿಕೊಂಡವರಿದ್ದಾರೆ. ಸಾರಿಗೆ ಇಲಾಖೆಯಿಂದ ಎಳೆದುಕೊಂಡ ಡಿಎಲ್, ಆರ್‌ಸಿ ಅಲ್ಲಿದ್ದರೆ ತೋರಿಸಬಹುದು, 2018ರಲ್ಲೇ ಮೋಟಾರು ವಾಹನ ನಿಯಮಕ್ಕೆ ಈ ತಿದ್ದುಪಡಿ ಆಗಿದೆ.

ಆಧಾರ್, ಡಿಎಲ್, ಆರ್‌ಸಿ, ಪ್ಯಾನ್, ಇತ್ತೀಚಿನ ವರ್ಷಗಳಲ್ಲಿ ಪಾಸಾದವರ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಇಷ್ಟನ್ನು ಮೊದಲು ಎಳೆದುಕೊಳ್ಳಿ. ನಮ್ಮ ಕಡೆ ಇದು ಸಿಕ್ಕಿಹಾಕಿಕೊಳ್ಳುವುದು ಹೆಸರಿನ ವಿಷಯಕ್ಕೆ. ಆಧಾರ್‌ನಲ್ಲಿ ಬಸವರಾಜಪ್ಪ, ಲೈಸೆನ್ಸಿನಲ್ಲಿ ಬಸವರಾಜ ಎಚ್., ಮಾರ್ಕ್ಸ್ ಕಾರ್ಡಿನಲ್ಲಿ ಎಚ್. ಬಸವರಾಜು. ಮೂರೂ ಒಬ್ಬರೇ ಅಂತ ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ‘ದಾಖಲೆ ಸಿಗಲಿಲ್ಲ’ ಅಂತ ಬಂದರೆ ಹತ್ತು ಸಲ ಮತ್ತೆ ಮತ್ತೆ ಒತ್ತುವ ಬದಲು ಎರಡೂ ಕಡೆಯ ಹೆಸರು, ಹುಟ್ಟಿದ ದಿನಾಂಕವನ್ನು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸ ಇದ್ದರೆ ಈಗಲೇ ತಿದ್ದಿಸಿಕೊಳ್ಳಿ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗ ನಮ್ಮ ಅಂಗಡಿ ಮುಂದೆ ನಿಂತ ಸಾಲಿನಲ್ಲಿ ಎಷ್ಟೋ ಹೆಣ್ಣುಮಕ್ಕಳು ಒದ್ದಾಡಿದ್ದು ಇದೇ ಕಾರಣಕ್ಕೆ. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು.

‘50 ಕೆಬಿ ಒಳಗಿರಬೇಕು’

ಆನ್‌ಲೈನ್ ಅರ್ಜಿ ಹಾಕುವಾಗ ಓದಿದವರೂ ಕೈಚೆಲ್ಲುವ ಜಾಗ ಇದು. ಫೋನ್ ತೆಗೆಯುವ ಫೋಟೋ ಮೂರು ನಾಲ್ಕು ಎಂಬಿ. ಒಂದು ಎಂಬಿ ಅಂದರೆ 1024 ಕೆಬಿ. ಅರ್ಜಿಯವರು ಕೇಳುವುದು 50 ಕೆಬಿ ಒಳಗೆ. ಹುಡುಕಿದರೆ ಸಣ್ಣ ಮಾಡಿಕೊಡುವ ಜಾಲತಾಣಗಳು ಸಾಲುಸಾಲು ಸಿಗುತ್ತವೆ, ಆದರೆ ಗೊತ್ತಿಲ್ಲದವರ ತಾಣಕ್ಕೆ ನಿಮ್ಮ ಆಧಾರ್ ಏರಿಸುವುದೆಂದರೆ ದಾರಿಯಲ್ಲಿ ಹೋಗುವವರ ಕೈಗೆ ಕೊಟ್ಟ ಹಾಗೆ.

ಪಾಸ್‌ಪೋರ್ಟ್ ಫೋಟೋ, ಸಹಿಗೆ ಒಂದು ಸುಲಭದ ದಾರಿ ಇದೆ. ಬಿಳಿ ಹಾಳೆಯಲ್ಲಿ ಸಹಿ ಮಾಡಿ ಫೋಟೋ ತೆಗೆದು, ಗ್ಯಾಲರಿಯಲ್ಲೇ ಎಡಿಟ್ ಒತ್ತಿ ಸಹಿಯಷ್ಟನ್ನೇ ಬಿಟ್ಟು ಉಳಿದದ್ದನ್ನು ಕತ್ತರಿಸಿ. ಆಮೇಲೆ ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. 2022ರ ಕೊನೆಯಿಂದ ಸಂಪರ್ಕಗಳ ಪಟ್ಟಿಯ ಮೇಲ್ಭಾಗದಲ್ಲಿ ನಿಮ್ಮದೇ ಹೆಸರು ಇರುತ್ತದೆ, ಅದಕ್ಕೆ. ಫೋಟೋ ಆಗಿ ಕಳಿಸಿದಾಗ ವಾಟ್ಸಾಪ್ ತಾನೇ ಗಾತ್ರ ಇಳಿಸುತ್ತದೆ. ಕತ್ತರಿಸಿದ ಸಹಿಯಂಥ ಚಿಕ್ಕ ಚಿತ್ರ ಹೆಚ್ಚಾಗಿ ಮಿತಿಯೊಳಗೆ ಬಂದುಬಿಡುತ್ತದೆ. ಗ್ಯಾಲರಿಯಲ್ಲಿ ಚಿತ್ರದ ‘ವಿವರ’ ತೆರೆದರೆ ಎಷ್ಟು ಕೆಬಿ ಅಂತ ಕಾಣುತ್ತದೆ.

ಇದೇ ಗುಣ ಇನ್ನೊಂದು ಕಡೆ ಮುಳುವಾಗುತ್ತದೆ. ಪ್ರಿಂಟ್ ಹಾಕಿಸಲು ಪಹಣಿಯ ಫೋಟೋ ವಾಟ್ಸಾಪ್ ಮಾಡಿದರೆ ಅಕ್ಷರ ಮಸುಕಾಗಿ ಬರುತ್ತದೆ. ಪ್ರಿಂಟಿಗೆ ಕಳಿಸುವಾಗ ಪಿನ್ ಗುರುತು ಒತ್ತಿ ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸಿ. ಆಗ ಇದ್ದದ್ದು ಇದ್ದ ಹಾಗೆ ಬರುತ್ತದೆ.

ಅರ್ಜಿಗೆ ಏರಿಸುವ ಪ್ರತಿಯ ಹೆಸರು ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿಯಲ್ಲಿ, ನಡುವೆ ಜಾಗ ಬಿಡದೆ ಇರಲಿ. ಕೆಲವು ತಾಣಗಳು ಕನ್ನಡ ಹೆಸರಿನ ಫೈಲನ್ನು ಕಾರಣ ಹೇಳದೆ ವಾಪಸ್ ಕಳಿಸುತ್ತವೆ.

ನಮ್ಮಂಥ ಅಂಗಡಿಗೆ ಬಂದಾಗ

ಅಂಗಡಿ ಇಟ್ಟುಕೊಂಡವಳೇ ಹೇಳುತ್ತಿದ್ದೇನೆ: ನಿಮ್ಮ ಫೈಲು ನಮ್ಮ ಕಂಪ್ಯೂಟರಿನಲ್ಲಿ ಉಳಿಯಬಾರದು. ಪ್ರಿಂಟ್ ಆದ ಮೇಲೆ "ಅಕ್ಕ, ಡಿಲೀಟ್ ಮಾಡ್ರಿ, ರಿಸೈಕಲ್ ಬಿನ್‌ನಿಂದಾನೂ ತೆಗೀರಿ" ಅಂತ ಬಾಯಿಬಿಟ್ಟು ಕೇಳಿ, ಎದುರಿಗೇ ತೆಗೆಸಿ. ಒಳ್ಳೆಯ ಅಂಗಡಿಯವರು ಇದಕ್ಕೆ ಮುಖ ಸಿಂಡರಿಸುವುದಿಲ್ಲ. ನಿಮ್ಮ ವಾಟ್ಸಾಪ್ ಅನ್ನು ಬೇರೆಯವರ ಕಂಪ್ಯೂಟರಿನಲ್ಲಿ ತೆರೆದಿದ್ದರೆ, ಮೂಲೆಯ ಮೂರು ಚುಕ್ಕಿ ಒತ್ತಿ ‘ಲಿಂಕ್ಡ್ ಡಿವೈಸಸ್’ ನೋಡಿ, ಗುರುತಿಲ್ಲದ ಕಂಪ್ಯೂಟರಿನ ಹೆಸರನ್ನು ಒತ್ತಿ ಲಾಗ್‌ಔಟ್ ಮಾಡಿ. ಮನೆಗೆ ಹೋದ ಮೇಲೂ ಇದನ್ನು ಮಾಡಬಹುದು.

ಆಧಾರ್ ಕೇಳಿದ ಕಡೆಯೆಲ್ಲ ಪೂರ್ತಿ ಆಧಾರ್ ಕೊಡಬೇಕಿಲ್ಲ. ಮೈ ಆಧಾರ್ ತಾಣದಲ್ಲಿ ಇಳಿಸಿಕೊಳ್ಳುವಾಗ ‘ಮಾಸ್ಕ್ಡ್ ಆಧಾರ್’ ಅಂತ ಒಂದು ಚೌಕ ಇದೆ. ಅದಕ್ಕೆ ಗುರುತು ಹಾಕಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಬರುತ್ತದೆ. ಲಾಡ್ಜಿಗೆ, ಬಾಡಿಗೆ ಮನೆಯವರಿಗೆ ಅದು ಸಾಕು. ಆ ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಕೇಳುತ್ತದೆ. ಆಧಾರ್‌ನಲ್ಲಿರುವ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡಕ್ಷರದಲ್ಲಿ, ಕೂಡಲೇ ಹುಟ್ಟಿದ ಇಸವಿ. ಝೆರಾಕ್ಸ್ ಕೊಡುವಾಗ ಅದರ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಅಂತ ಬರೆದು ಸಹಿ ಮಾಡಿ. ಮತ್ತೊಂದಕ್ಕೆ ಬಳಸುವುದು ಕಷ್ಟವಾಗುತ್ತದೆ.

ವಾಟ್ಸಾಪ್‌ನಲ್ಲಿ ಬರುವ ಫೈಲಿನ ಹೆಸರಿನ ಬಾಲ ನೋಡುವ ಅಭ್ಯಾಸ ಮಾಡಿಕೊಳ್ಳಿ. ಪಿಡಿಎಫ್, ಜೆಪಿಜಿ ಅಂದರೆ ಕಾಗದ, ಚಿತ್ರ. ಕೊನೆಗೆ ಎಪಿಕೆ ಅಂತ ಇದ್ದರೆ ಅದು ಆ್ಯಪ್. ಮದುವೆ ಕಾರ್ಡು ಅಂತ, ಟ್ರಾಫಿಕ್ ದಂಡದ ಚಲನ್ ಅಂತ ಹೆಸರು ಹಾಕಿಕೊಂಡು ಬರುವ ಎಪಿಕೆ ಫೈಲುಗಳು ಒತ್ತಿ ಹಾಕಿಸಿಕೊಂಡ ಕೂಡಲೇ ನಿಮ್ಮ ಎಸ್ಸೆಮ್ಮೆಸ್ಸು, ಒಟಿಪಿ ಓದಲು ಶುರುಮಾಡುತ್ತವೆ. ಕಳಿಸಿದವರು ಸ್ವಂತ ಮಾವನೇ ಆಗಿರಲಿ, ಮೊದಲು ಫೋನ್ ಮಾಡಿ ಕೇಳಿ. ಮಾವನ ವಾಟ್ಸಾಪ್ ಬೇರೆಯವರ ಕೈಗೆ ಹೋಗಿರಬಹುದು. ದುಡ್ಡು ಹೋಯಿತು ಅಂತ ಗೊತ್ತಾದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸಂಜೆ ಮನೆಗೆ ಹೋಗಿ ವಿಚಾರ ಮಾಡೋಣ ಅನ್ನಬೇಡಿ. ಹಣ ಖಾತೆಯಿಂದ ಖಾತೆಗೆ ದಾಟುವ ಮುಂಚೆ ತಡೆಹಿಡಿಯಲು ಆಗುವುದು ಮೊದಲ ಗಂಟೆಗಳಲ್ಲೇ.

ಫೋನೇ ಹೋದರೆ

ಇವತ್ತೇ *#06# ಒತ್ತಿ. ತೆರೆಯ ಮೇಲೆ ಬರುವ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆಯನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡು ಸಿಮ್ಮಿನ ಫೋನಾದರೆ ಎರಡು ಸಂಖ್ಯೆ. ಫೋನ್ ಕಳೆದರೆ ಪೊಲೀಸ್ ಠಾಣೆಗೆ ದೂರು ಕೊಟ್ಟು, ಅದರ ಪ್ರತಿ ಇಟ್ಟುಕೊಂಡು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಈ ಸಂಖ್ಯೆ ಕೊಟ್ಟರೆ ಆ ಫೋನು ಯಾವ ಸಿಮ್ ಹಾಕಿದರೂ ನಡೆಯದ ಹಾಗೆ ತಡೆಯುತ್ತಾರೆ. ಫೋನಿಗೆ ಸ್ಕ್ರೀನ್ ಲಾಕ್ ಹಾಕಿರಬೇಕು ಅನ್ನುವುದನ್ನು ಬೇರೆ ಹೇಳಬೇಕಿಲ್ಲ ಅಂದುಕೊಳ್ಳುತ್ತೇನೆ. ಕಾಗದವೆಲ್ಲ ಅದರೊಳಗೆ ಬಂದ ಮೇಲಂತೂ ಲಾಕ್ ಇಲ್ಲದ ಫೋನು ಬೀಗವಿಲ್ಲದ ಬೀರು.

ಕೊನೆಯ ಪರೀಕ್ಷೆ

ಡ್ರೈವ್‌ನಲ್ಲಿ ‘ಮನೆ ಕಾಗದ’ ಅಂತ ಒಂದು ಫೋಲ್ಡರ್ ಮಾಡಿ ಎಲ್ಲವನ್ನೂ ಅದಕ್ಕೆ ಸರಿಸಿ. ಫೋಲ್ಡರಿನ ಪಕ್ಕದ ಮೂರು ಚುಕ್ಕಿ ಒತ್ತಿ ‘ಶೇರ್’ ಅಂದು, ಮನೆಯ ಇನ್ನೊಬ್ಬರ ಜಿಮೇಲ್ ಹಾಕಿ. ನೋಡಲು ಮಾತ್ರ ಬರುವ ‘ವ್ಯೂವರ್’ ಆಯ್ಕೆ ಸಾಕು. ಆ ಇನ್ನೊಬ್ಬರು ಮನೆಯ ಹೆಣ್ಣುಮಗಳಾಗಿರಲಿ ಅಂತ ನನ್ನ ಕೋರಿಕೆ. ಗಂಡ ತೀರಿಹೋದ ಮೇಲೆ ವಿಮೆಯ ಬಾಂಡ್ ಎಲ್ಲಿದೆ, ಯಾವ ಬ್ಯಾಂಕಿನಲ್ಲಿ ಖಾತೆ ಇದೆ ಅಂತ ಗೊತ್ತಿಲ್ಲದೆ ಕೌಂಟರ್ ಮುಂದೆ ನಿಂತ ಹೆಂಗಸರ ಮುಖ ನನ್ನ ಕಣ್ಣ ಮುಂದಿದೆ. ತಾಲ್ಲೂಕು ಕಚೇರಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೂ ತೆರೆಯಲು ಬರಲಿ ಅಂತ ಮುಖ್ಯವಾದ ನಾಲ್ಕೈದು ಫೈಲುಗಳಿಗೆ ‘ಆಫ್‌ಲೈನ್‌ನಲ್ಲಿ ಲಭ್ಯ’ ಅನ್ನುವುದನ್ನೂ ಒತ್ತಿಡಿ.

ಆಮೇಲೆ ನಿಮ್ಮ ಫೋನನ್ನು ಸ್ವಿಚ್ ಆಫ್ ಮಾಡಿ ಪಕ್ಕಕ್ಕಿಡಿ. ಅವರ ಫೋನನ್ನು ಅವರ ಕೈಗೇ ಕೊಟ್ಟು, ನೀವು ಬೆರಳು ಇಡದೆ ಸುಮ್ಮನೆ ಕೂತು ನೋಡಿ. ಅವರು ಡ್ರೈವ್ ತೆರೆದು, ಫೋಲ್ಡರ್ ಹುಡುಕಿ, ಕ್ರಯಪತ್ರದ ಹಿಂಬದಿಯ ಪುಟ ಹಿಗ್ಗಿಸಿ, ನೋಂದಣಿ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಹೇಳಿದರೆ, ಟ್ರಂಕಿನೊಳಗೆ ಎರಡು ನುಸಿಗುಳಿಗೆ ಹಾಕಿ ಮುಚ್ಚಿಡಿ.